ಕಂಪನಿಯ ತವರುಮನೆ

ವಾಡಿ ಸ್ಟೇಷನ್ನಿನ ಲಗೇಜ್ ಗುಮಾಸ್ತ ಮಡಿವಾಳಯ್ಯನಿಗೆ ಬೀಡಿಯ ಚಟವಿರಲಿಲ್ಲ, ಎಲೆಅಡಿಕೆಯ ಚಟವೂ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ಶಬ್ದಗಳ ತವರುಮನೆ ಹುಡುಕುವ ಚಟ! ಯಾವ ಗಾರ್ಡ್ ಸಾಹೇಬ ಸಿಕ್ಕರೂ ಸಲಾಮು ಹೊಡೆದು, ಈ ಶಬ್ದ ಎಲ್ಲಿಂದ ಬಂತು ಸಾಬ್ ಎಂದು ಗಂಟುಬೀಳುತ್ತಿದ್ದ. ಸಿಕ್ಕ ಉತ್ತರವನ್ನು ಮನೆಗೆ ತಂದು, ರೊಟ್ಟಿ ಬಡಿಯುವ ಹೆಂಡತಿ ಭಾಗಮ್ಮನಿಗೆ ಹೇಳುವುದು. "ಅಯ್ಯ, ಅದರಿಂದ ಹೊಟ್ಟಿ ತುಂಬ್ತದೇನ್ರಿ?" ಎಂದು ಆಕೆ ನಗುವುದು. ಒಳ್ಳೆಯ ಮನುಷ್ಯ ಪಾಪ, ಇರುವೆಗೂ ಕೇಡು ಬಗೆದವನಲ್ಲ. ಕಣ್ಣೆದುರಿನದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಆ ವರ್ಷ ಮಗಳು ಶಿವಕಾಂತಮ್ಮನನ್ನು ಕೊಡ್ಲಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಹುಡುಗಿ ಅಲ್ಲಿ ಸುಖವಾಗಿದ್ದಳು. ಇತ್ತ ಭಾಗಮ್ಮ ಸೊರಗತೊಡಗಿದಳು. ಜ್ವರವಿಲ್ಲ, ನೋವಿಲ್ಲ, ಊಟ ಮಾತ್ರ ಸೇರದು. ಕೈ ಎತ್ತಿದರೆ ಬಳೆ ಮೊಳಕೈತನಕ ಜಾರುತ್ತಿದ್ದವು. ಶಹಾಬಾದಿನ ಹಕೀಮರ ಪುಡಿ ಆಯಿತು, ಮಠದ ವಿಭೂತಿ ಆಯಿತು. "ಊಟಾನೇ ಒಳಗ ಹೋಗ್ಲಿಲ್ಲಂದ್ರ ದವಾ ಏನ್ ಮಾಡ್ತದ?" ಎಂದು ಹಕೀಮರೇ ಕೈಚೆಲ್ಲಿದರು. ಭಾಗಮ್ಮನಿಲ್ಲದ ಮನೆಯನ್ನು ನೆನೆಯಲೂ ಮಡಿವಾಳಯ್ಯನಿಗೆ ಧೈರ್ಯವಿರಲಿಲ್ಲ.

ಅಂಥದರಲ್ಲೇ ಒಬ್ಬ ಮುದಿ ಗಾರ್ಡ್, ಡಬ್ಬಿ ಬಿಚ್ಚಿ ಉಣ್ಣುತ್ತ ಕೂತವನು, 'ಕಂಪನಿ'ಯ ಹುಟ್ಟು ಹೇಳಿದ. ಹೆಂಡತಿ ಒಂದಿಷ್ಟು ನಗಲೆಂದು ಮಡಿವಾಳಯ್ಯ ಅದನ್ನು ಅಂದು ಸಂಜೆ ಊಟಕ್ಕೆ ಕೂತಾಗಲೇ ಬಿಚ್ಚಿದ.

"ಕೇಳಿಲ್ಲಿ. ರೈಲ್ ಕಂಪನಿ, ಫರಸಿ ಕಲ್ಲಿನ ಕಂಪನಿ ಅಂತೀವಲ್ಲ, ಲ್ಯಾಟಿನ್ ಅಂತ ಒಂದು ಭಾಳ ಹಳೀ ಭಾಷಾ ಅದ. ಅದ್ರಾಗ ಕೂಡಿ ರೊಟ್ಟಿ ತಿನ್ನೋರು ಅಂತ ಅದರ ಅರ್ಥ! ಅಲ್ಲಿಂದ ಫ್ರೆಂಚರ ಮನಿಗಿ ಹೋಗಿ, ಇಂಗ್ಲಿಷಿನಾಗ ಬಂದು, ಜೋಡಿ ಇರೋರಿಗೆಲ್ಲ ಕಂಪನಿ ಅಂದ್ರು. ವ್ಯಾಪಾರದ ಸಾಹೇಬರು ಆಮ್ಯಾಲ ಎತ್ತಿಕೊಂಡ್ರು."

ಭಾಗಮ್ಮ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊರಳಿಸಿ, "ಹಂಗಾದ್ರ ನನ್ನ ಕಂಪನಿ ಕೊಡ್ಲಿಗಿ ಹೋಯ್ತಲ್ರಿ" ಅಂದಳು.

ಮಡಿವಾಳಯ್ಯನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಗಂಡಸರು ಮೊದಲು, ಹೆಂಗಸರು ಆಮೇಲೆ. ಎಲ್ಲರ ಮನೆಯ ರಿವಾಜು. ಇವನು ಉಂಡೆದ್ದ ಮೇಲೆ ತಾಯಿ ಮಗಳು ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಒಳಗಿನ ಆ ಕಿಲಕಿಲ ನಗುವನ್ನು ಅಂಗಳದಲ್ಲಿ ಕೂತು ಎಷ್ಟು ವರ್ಷ ಕೇಳಿದ್ದ! ಈಗ ಆಕೆ ಆರಿದ ಒಲೆಯ ಮುಂದೆ ಒಬ್ಬಳೇ. ಥೂ, ಎಂಥ ಕುರುಡ ನಾನು ಎಂದು ತನ್ನನ್ನೇ ಬೈದುಕೊಂಡು ಗಂಗಾಳ ಸರಿಸಿದ.

"ಎಲ್ಲಾ ರೊಟ್ಟಿ ಬಡಿದು ಮುಗಿಸು. ಇವತ್ತ ಇಬ್ರೂ ಕೂಡೇ ಕುಂದ್ರಾದು."

"ಅಯ್ಯ ಶಿವನೇ! ಮಂದಿ ನೋಡಿದ್ರ ಏನಂದಾರು? ಆರಿದ ರೊಟ್ಟಿ ನಿಮಗ ಗಂಟಲದಾಗ ಇಳೀತದೇನ್ರಿ?"

ಇಳಿಯುತ್ತಿರಲಿಲ್ಲ, ನಿಜ. ರೊಟ್ಟಿ ಹಂಚಿನಿಂದ ನೇರ ಗಂಗಾಳಕ್ಕೆ ಬೀಳದಿದ್ದರೆ ಮುಖ ಗಂಟಿಕ್ಕುವ ಗಂಡ ಅವನು. ಆದರೆ ಬಡಿಯುವವಳೂ ಜೊತೆಗೆ ಕೂರಬೇಕೆಂದರೆ ರೊಟ್ಟಿ ಆರಲೇಬೇಕು. "ಇಳೀದಿದ್ರ ನೀರು ಕುಡೀತೀನಿ. ನೀ ಬಾ" ಎಂದು ಎದ್ದು ಬಾಗಿಲು ಹಾಕಿ ಬಂದ.

ಭಾಗಮ್ಮ ಸೆರಗೆಳೆದುಕೊಂಡು ಗೋಡೆಯ ಕಡೆ ಅರ್ಧ ತಿರುಗಿ ಕೂತಳು. ಹೊಸದಾಗಿ ಮದುವೆಯಾದವರಂತೆ ಇಬ್ಬರಿಗೂ ನಾಚಿಕೆ. ಮಡಿವಾಳಯ್ಯ ಎಮ್ಮೆಯ ಹಾಗೆ ಮೆಲುಕು ಹಾಕುತ್ತ, ಸ್ಟೇಷನ್ನಿನಲ್ಲಿ ಯಾರದೋ ಕೋಳಿ ಬುಟ್ಟಿಯಿಂದ ತಪ್ಪಿಸಿಕೊಂಡು ಗಾರ್ಡನ ಊಟದ ಡಬ್ಬಿಗೇ ಕೊಕ್ಕು ಹಾಕಿದ ಕತೆ ಹೇಳಿದ. ಆಕೆ ಫಕ್ಕನೆ ನಕ್ಕಳು. ಒಂದು ತುತ್ತು, ಮತ್ತೊಂದು ತುತ್ತು, ಆಕೆಯ ಗಂಗಾಳದ ರೊಟ್ಟಿ ಮುಗಿದೇ ಹೋಯಿತು. ರೊಟ್ಟಿಯ ಬುಟ್ಟಿ ಗಂಡನ ಬದಿಗಿತ್ತು. ಗಂಡನ ಕೈಯಿಂದ ಎಂದೂ ಬಡಿಸಿಕೊಂಡವಳಲ್ಲ ಆಕೆ. ಗೋಡೆ ನೋಡುತ್ತಲೇ ಗಂಗಾಳವನ್ನು ಮೆಲ್ಲಗೆ ಅವನತ್ತ ನೂಕಿ, "ಇನ್ನೊಂದು ಹಾಕ್ರಿ" ಅಂದಳು.