ರೆಗ್ಯುಲೇಟರಿಗೆ ಹಚ್ಚಿದ ವಿಭೂತಿ

ಎಂಬತ್ತರ ದಶಕದಲ್ಲಿ ನಾವು ಚನ್ನಗಿರಿಯಲ್ಲಿದ್ದೆವು. ಯಜಮಾನರದು ಕೆರೆಗಳಲ್ಲಿ ಮುಳುಗಿ ತೂಬು ದುರಸ್ತಿ ಮಾಡುವ ಕೆಲಸ. ಒಂದು ಆಯುಧಪೂಜೆಗೆ, ನೀರೊಳಗೆ ಉಸಿರಾಡಲು ಅವರು ಬಾಯಿಗಿಡುವ ರೆಗ್ಯುಲೇಟರನ್ನೂ ನಾನು ಮಣೆಯ ಮೇಲಿಟ್ಟು ಧಾರಾಳವಾಗಿ ವಿಭೂತಿ ಹಚ್ಚಿದೆ. ಮರುದಿನ ಅವರು ಬಾಯಿಗಿಟ್ಟು ಉಸಿರೆಳೆದರೆ ಒಳಗಿಂದ ಕರಕರ ಸದ್ದು ಬಂತು.

"ಕಾನ್ವೆಂಟ್‌ನಾಗೆ ಇದನ್ನೇ ಕಲಿಸಿದ್ರೇನೆ, ಮಾರಾಯ್ತಿ?" ಎಂದು ನಕ್ಕರು.

ನಾನು ಅದರ ಇಂಗ್ಲಿಷ್ ಪುಸ್ತಿಕೆ ತೆರೆದು ಓದಿದೆ. "ರೀ, ಪುಡಿ ಹೊಕ್ಕರೆ ಬಿಚ್ಚಿ ಸರ್ವಿಸ್ ಮಾಡಿಸೋವರೆಗೂ ಇಳೀಬಾರದಂತೆ."

"ಬಿಚ್ಚೋರು ಇರೋದು ಬಾಂಬೆನಾಗೆ. ತೂಬು ಸರಿಮಾಡಿ ಗದ್ದೆಗೆ ನೀರು ಇವತ್ತೇ ಬಿಡಬೇಕು," ಎಂದು ಅದನ್ನು ಬಕೆಟ್ಟಿನಲ್ಲಿ ಜಾಲಿಸಿಕೊಂಡು ಹೊರಟರು.

ನಾನೂ ಹಿಂದೆಯೇ ಹೋಗಿ ಕೆರೆ ದಂಡೆಯಲ್ಲಿ ನಿಂತು, ಮೇಲೇಳುವ ಗುಳ್ಳೆಗಳನ್ನೇ ನೋಡುತ್ತಿದ್ದೆ. ಕೊನೆಗೆ ಅವರ ತಲೆ ಕಂಡಿತು.

"ಅರ್ಧ ಆಗೈತೆ, ಇನ್ನೊಂದ್ಸಲ ಇಳೀಬೇಕು," ಎಂದರು. ನಾನು ರೆಗ್ಯುಲೇಟರನ್ನು ಇಸಿದುಕೊಂಡು, ಕೆರೆಯ ನೀರಲ್ಲೇ ಇನ್ನೊಮ್ಮೆ ಜಾಲಿಸಿ ಕೊಟ್ಟೆ.