ಬೀಗದೊಳಗಿನ ಪುಲ್ಲರ್

ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳಿದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನ ಹೆದ್ದಾರಿ ಬದಿಯ ಲಾರಿ ಶೆಡ್ಡೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ಶೆಡ್ಡು ನಮ್ಮ ಮೇಸ್ತ್ರಿಯದು. ಐವತ್ತು ದಾಟಿದ ಮನುಷ್ಯ, ಮೈತುಂಬ ಡೀಸೆಲ್ ವಾಸನೆ, ಬಾಯಿತುಂಬ ಎಲೆಅಡಿಕೆ. ಬಿಚ್ಚಿದ ಇಂಜಿನ್ನಿನ ಪಕ್ಕದಲ್ಲೇ ಪಿಚಕ್ಕನೆ ಉಗಿಯುತ್ತಿದ್ದರು. ಒಮ್ಮೊಮ್ಮೆ ಅದು ಇಂಜಿನ್ನಿನ ಮೇಲೂ ಬೀಳುತ್ತಿತ್ತು. ಮೂಗು ಮುಚ್ಚಿಕೊಂಡು ಒರೆಸುತ್ತಿದ್ದವನು ನಾನು.

ಉಗುಳನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದಿದ್ದುದು ಅವರು ಕ್ಯಾಮ್ ಶಾಫ್ಟ್ ಬಿಚ್ಚುವ ರೀತಿ. ಕ್ಯಾಮ್ ಶಾಫ್ಟ್ ಅಂದರೆ ಇಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ ಉದ್ದನೆಯ ದಂಡ. ಅದರ ಉಬ್ಬುಗಳು ಸವೆದರೆ ಲಾರಿ ದಿಣ್ಣೆ ಹತ್ತುವುದಿಲ್ಲ, ದಂಡವನ್ನೇ ಬದಲಾಯಿಸಬೇಕು. ಅದಕ್ಕೆ ಮೊದಲು ಅದರ ತುದಿಗೆ ಬಿಗಿಯಾಗಿ ಕೂತ ಹಲ್ಲಿನ ಚಕ್ರವನ್ನು ಎಳೆದು ತೆಗೆಯಬೇಕು. ಹಾಗೆ ಎಳೆಯಲಿಕ್ಕೆಂದೇ ಪುಲ್ಲರ್ ಎಂಬ ಸಾಧನವಿದೆ. ಬೆಂಗಳೂರಿನ ದೊಡ್ಡ ವರ್ಕ್‌ಶಾಪೊಂದರಲ್ಲಿ ಅದನ್ನು ಗೋಡೆಗೆ ತೂಗುಹಾಕಿದ್ದನ್ನು ನೋಡಿದ್ದೆ. ಅಂಗಡಿಗಳಲ್ಲಿ ಮಾತ್ರ ಎಲ್ಲೂ ಸಿಗಲಿಲ್ಲ. ನಮ್ಮ ಮೇಸ್ತ್ರಿ ಚಕ್ರದ ಹಿಂದೆ ಸಲಾಕೆ ತೂರಿಸಿ ಅದರ ಮೇಲೆ ಸುತ್ತಿಗೆಯಿಂದ ಬಾರಿಸುತ್ತಿದ್ದರು. ಹಸುವಿನ ಹೊಟ್ಟೆಯಿಂದ ಕರುವನ್ನು ಗುದ್ದಲಿಯಲ್ಲಿ ಎಳೆದ ಹಾಗೆ. ಥೂ!

ಯಲ್ದೂರಿನವರೊಬ್ಬರು ತಮ್ಮ ಒಂದೇ ಲಾರಿಯನ್ನು ತಾವೇ ಓಡಿಸುತ್ತಿದ್ದರು. ಮಾವಿನ ಸುಗ್ಗಿಯಲ್ಲಿ ಆ ಲಾರಿ ಓಡಿದರೆ ಮಾತ್ರ ಅವರ ಮನೆ ವರ್ಷವಿಡೀ ನಡೆಯುತ್ತಿತ್ತು. ಒಂದು ಸಲ ಮೇಸ್ತ್ರಿಯ ಏಟಿಗೆ ಅವರ ಇಂಜಿನ್ನಿನ ಚಕ್ರದ ಎರಡು ಹಲ್ಲು ಮುರಿದವು. ಬೇರೆ ಚಕ್ರಕ್ಕಾಗಿ ಅವರು ಒಂದು ವಾರ ಊರೂರು ಅಲೆದರು. ನಾನು ಸಿಟ್ಟಿನಲ್ಲಿ, ಪುಲ್ಲರ್ ನಾನೇ ಮಾಡುತ್ತೇನೆ ಅಂದುಬಿಟ್ಟೆ.

"ಏಮಿರಾ, ಇಂಜಿನಿಯರ್ ಆಗ್ಬಿಟ್ಯಾ? ಕೈಯಿರೋನಿಗೆ ಪುಲ್ಲರ್ ಯಾಕ್ಲಾ?" ಎಂದು ಮೇಸ್ತ್ರಿ ನಕ್ಕರು.

ಲಾರಿಯವರು ನಗಲಿಲ್ಲ. ತಮ್ಮ ಹಳೆಯ ಜಾಕಿನ ತಿರುಪನ್ನು ಅದರ ನಟ್ಟಿನ ಸಮೇತ ಬಿಚ್ಚಿ ತಂದುಕೊಟ್ಟರು. "ತಗೋಪ್ಪಾ. ಇನ್ಮೇಲೆ ನನ್ ಗಾಡಿಗೆ ಸುತ್ತಿಗೆ ಬೀಳಬಾರ್ದು, ಅಷ್ಟೇ."

"ಬೀಳಲ್ಲ, ನಾನಿದೀನಲ್ಲ" ಅಂದೆ.

ಎಣ್ಣೆ ಮೆತ್ತಿದ ಚಕ್ರದ ಮೇಲೆ ಹಳೆಯ ಪೇಪರು ಒತ್ತಿ ಅದರ ಮೂರು ತೂತುಗಳ ಅಚ್ಚು ತೆಗೆದೆ. ನಂಗಲಿಯ ಗುಜರಿಯಲ್ಲಿ ಹಳೆ ಲಾರಿ ಚಾಸಿಯ ದಪ್ಪ ಕಬ್ಬಿಣದ ತುಂಡು ಸಿಕ್ಕಿತು. ಅದನ್ನು ಕೋಲಾರಕ್ಕೆ ಹೊತ್ತುಕೊಂಡು ಹೋಗಿ ಲೇತಿನವರ ಹತ್ತಿರ ತೂತು ಹಾಕಿಸಿ, ಮಧ್ಯಕ್ಕೆ ಜಾಕಿನ ನಟ್ಟನ್ನು ವೆಲ್ಡ್ ಮಾಡಿಸಿದೆ. ಒಂದು ತೂತು ಕೂದಲೆಳೆಯಷ್ಟು ಆಚೆ ಬಿದ್ದಿತ್ತು. ನಾಲ್ಕು ಭಾನುವಾರ ಕೂತು ಅರದಿಂದ ಉಜ್ಜಿದೆ. ಅದನ್ನು ಮೂರು ಬೋಲ್ಟುಗಳಿಂದ ಚಕ್ರಕ್ಕೆ ಬಿಗಿದು, ಮೊದಲ ಸಲ ನಡುವಿನ ತಿರುಪನ್ನು ಸ್ಪ್ಯಾನರಿನಿಂದ ತಿರುಗಿಸಿದಾಗ ಚಕ್ರ ಮೆಲ್ಲಗೆ ಸರಿದು, ಟಕ್ಕೆಂದು ಕೈಗೇ ಬಂತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ನಮ್ಮ ಶೆಡ್ಡಿನಲ್ಲಿ ಹೊರಗಿಟ್ಟ ವಸ್ತುವೆಲ್ಲ ಕೊನೆಗೆ ಸುತ್ತಿಗೆಯೇ. ಎರಡನೇ ವಾರ ಮೇಸ್ತ್ರಿ ನನ್ನ ಪುಲ್ಲರಿನಿಂದ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದರು, ಅದರ ಮೇಲೆ ಎಲೆಅಡಿಕೆಯ ಕೆಂಪು ಬೇರೆ. ಕಿತ್ತುಕೊಂಡು, ತೊಳೆದು, ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಶೆಡ್ಡಿನಲ್ಲಿ ಎಲ್ಲರಿಗೂ ಒಂದೊಂದು ತಗಡಿನ ಪೆಟ್ಟಿಗೆ; ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬೇಕಾದಾಗ ನಾನೇ ತೆಗೆದು, ನಾನೇ ಕೆಲಸ ಮಾಡಿ, ನಾನೇ ಒಳಗಿಡುತ್ತಿದ್ದೆ. ಆ ಹೊಲಸು ಕೈಗಳಿಗೆ ಕೊಡಬಾರದು ಎಂಬ ಹಟ.

ಮರು ವರ್ಷ ಮಾವು ಕೀಳುವ ಹೊತ್ತಿಗೆ ತಂಗಿಯ ಮದುವೆ ಮಾತಿಗೆಂದು ಮಾಲೂರಿನ ಕಡೆ, ಲಕ್ಕೂರಿಗೆ ಹೋದೆ. ಮೂರು ದಿನ ಬಿಟ್ಟು ಬಂದರೆ ಯಲ್ದೂರಿನ ಲಾರಿ ಶೆಡ್ಡಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಬಗ್ಗಿ ನೋಡಿದೆ. ಸುತ್ತಿಗೆಯ ಏಟಿಗೆ ಕ್ಯಾಮ್ ಶಾಫ್ಟ್ ಕೂರುವ ಜಾಗದಲ್ಲಿ ಇಂಜಿನ್ ಬ್ಲಾಕೇ ಸೀಳಿ, ಅಂಗೈಯಗಲದ ತುಂಡು ಎದ್ದುಬಂದಿತ್ತು. ಬೀಡು ಕಬ್ಬಿಣ, ವೆಲ್ಡಿಂಗ್ ನಿಲ್ಲುವುದಿಲ್ಲ. ಆ ಸುಗ್ಗಿಗೆ ಆ ಲಾರಿ ಮುಗಿದಂತೆಯೇ. ಲಾರಿಯವರು ಫುಟ್‌ಬೋರ್ಡಿನ ಮೇಲೆ ಕೂತಿದ್ದರು.

ನಾನು ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. "ಪುಲ್ಲರ್ ಇಲ್ಲೇ ಇತ್ತಲ್ಲ! ಬೀಗ ಒಡೆದು ತಗೊಳ್ಳೋಕೆ ಏನಾಗಿತ್ತು ನಿಮಗೆ?"

ಮೇಸ್ತ್ರಿ ಮೊದಲ ಸಲ ಎದ್ದು ಆಚೆ ಹೋಗಿ ಉಗಿದು ಬಂದರು. "ಎರಡು ದಿನ ನಿನ್ ದಾರಿ ನೋಡಿದ್ವಿ. ಕಿತ್ತ ಕಾಯಿ ತೋಟದಲ್ಲಿ ಬಿದ್ದದೆ ಅಂತ ಇವ್ರು ಒದ್ದಾಡ್ತಿದ್ರು. ಸುತ್ತಿಗೆ ಹಿಡ್ಕೊಂಡು ನಿನ್ ಪೆಟ್ಟಿಗೆ ಮುಂದೆ ನಿಂತೂ ನೋಡ್ದೆ ಕಣೋ. ಇನ್ನೊಬ್ರ ಪೆಟ್ಟಿಗೆಗೆ ಸುತ್ತಿಗೆ ಹಾಕ್ತಾರೇನ್ಲಾ?"

ಉಡಿದಾರದ ಬೀಗದ ಕೈ ತೆಗೆದು ಪೆಟ್ಟಿಗೆ ತೆರೆದೆ. ಯಾಕೆ ತೆರೆದೆನೋ ಗೊತ್ತಿಲ್ಲ. ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಪುಲ್ಲರ್ ಎಣ್ಣೆ ಸವರಿಕೊಂಡು ಮಿರಮಿರ ಮಿಂಚುತ್ತಿತ್ತು, ಒಂದು ಗೀರೂ ಇರಲಿಲ್ಲ. ಅಷ್ಟು ವರ್ಷ ಮೇಸ್ತ್ರಿಯ ಕೈ ಕಂಡರೆ ಹೇಸುತ್ತಿದ್ದವನಿಗೆ ಅವತ್ತು ನನ್ನ ಕೈಗಳನ್ನೇ ನೋಡಿಕೊಳ್ಳಲು ಆಗಲಿಲ್ಲ.

ಲಾರಿಯವರು ಎದ್ದು ಬಂದು, ತಮ್ಮ ಜಾಕಿನ ತಿರುಪಿನ ಮೇಲೆ ಬೆರಳಾಡಿಸಿದರು.

"ಚೆನ್ನಾಗಿ ಇಟ್ಕೊಂಡಿದೀಯಾ ಕಣಪ್ಪಾ" ಅಂದರು.