ಎತ್ತಿನ ಹಗ್ಗಕ್ಕೂ ಕಾರಿನ ಬಾಗಿಲಿಗೂ ಒಂದೇ ಕೆರೆ

ಮೊದಲಿಗೇ ಹೇಳಿಬಿಡುತ್ತೇನೆ, ಮೇಡಂ ಅವರನ್ನು ಕೆರೆಯ ಕಡೆ ಕರೆದುಕೊಂಡು ಹೋದವನು ನಾನೇ. ಅಲ್ಲಿ ತಂಪು ಗಾಳಿ ಇರುತ್ತದೆ, ಬುತ್ತಿ ಬಿಚ್ಚಲು ಚಲೋ ಜಾಗ ಅಂತ ಬಾಯಿ ಹೇಳಿತು. ಹೊಟ್ಟೆಯೊಳಗೆ ಇದ್ದದ್ದು ಬೇರೆ. ನನ್ನ ಸೋದರತ್ತೆಯ ಮಗ ಚೆನ್ನಬಸಪ್ಪ ಒಂದು ಸಲ, ಬರೀ ಒಂದು ಸಲ, ಯಾರ ಮುಂದಾದರೂ ತಡವರಿಸುವುದನ್ನು ನಾನು ನೋಡಬೇಕಾಗಿತ್ತು.

ಚೆನ್ನ ರಾಣೆಬೆನ್ನೂರಿನಲ್ಲಿ ನಾರಿನ ಶೆಡ್ ಹಾಕಿದ್ದಾನೆ. ನಾವು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಪುಂಡಿಪಲ್ಯದ ಗಿಡವನ್ನು ಕೀಳದೆ ಆಳೆತ್ತರ ಬೆಳೆಯಲು ಬಿಟ್ಟರೆ ತೊಗಟೆಯಲ್ಲಿ ಗಟ್ಟಿ ನಾರು ಬರುತ್ತದೆ. ಆ ನಾರನ್ನು ಒತ್ತಿ ಕಾರಿನ ಬಾಗಿಲಿನ ಒಳಮೈಗೆ ಹಲಗೆ ಮಾಡುತ್ತಾರಂತೆ. ಪ್ಲಾಸ್ಟಿಕ್ ಅಷ್ಟು ಕಡಿಮೆಯಂತೆ. ಇದು ಗೊತ್ತಾದಾಗಿನಿಂದ ಅವ್ವ ಪುಂಡಿಪಲ್ಯ ಬಡಿಸುವಾಗಲೆಲ್ಲ, "ಇದ್ರಾಗ ಚೆನ್ನ ಕಾರು ಕಂಡ, ನೀ ಬರೇ ಪಲ್ಯ ಕಂಡಿ" ಅನ್ನುತ್ತಾಳೆ. ನಾನು ಹಾವೇರಿಯ ಮದುವೆಮನೆಗಳಲ್ಲಿ ಮೈಕು ಹಿಡಿದು ಮಂದಿಯ ದನಿ ತೆಗೆಯುವ ಮಿಮಿಕ್ರಿಯವನು. ಅವ್ವನ ಮಾತನ್ನು ಅವ್ವನ ದನಿಯಲ್ಲೇ ತಿರುಗಿ ಆಡಿ ತೋರಿಸಬಲ್ಲೆ. ಅದಕ್ಕೆ ಉತ್ತರ ಮಾತ್ರ ಇನ್ನೂ ಹೊಳೆದಿಲ್ಲ.

ದೀಪಾವಳಿ ಮುಗಿದು ಚಳಿ ಬೀಳತೊಡಗಿತ್ತು. ಬಾಗಿಲಿನ ಹಲಗೆ ಮಾಡುವ ಕಂಪನಿಯಿಂದ ಶಾಲಿನಿ ಮೇಡಂ ಅನ್ನುವವರು ಬೆಂಗಳೂರಿನಿಂದ ಬರುವವರಿದ್ದರು. ನಾರು ಬಿಡಿಸಬೇಕಾದರೆ ಪುಂಡಿಯ ಕಟ್ಟುಗಳನ್ನು ನೀರಿನಲ್ಲಿ ಮುಳುಗಿಸಿ ವಾರಗಟ್ಟಲೆ ಕೊಳೆಯಲು ಬಿಡಬೇಕು. ಆ ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತವೆ. ಆದ್ದರಿಂದ ಕೆರೆ-ಹಳ್ಳಗಳಲ್ಲಿ ಕೊಳೆಹಾಕಿದ ನಾರು ಬೇಡ ಅಂತ ಕಂಪನಿಯ ಕರಾರು. ಚೆನ್ನನಿಗೆ ಬೇರೆ ಗಿರಾಕಿ ಇಲ್ಲ. ಮೇಡಂ ಬೇಡವೆಂದರೆ ಶೆಡ್ಡಿಗೆ ಕೀಲಿ. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಅವನು ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದ. ತೊಟ್ಟಿಯ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಹೊಲಕ್ಕೆ ಬಿಡುತ್ತಿದ್ದ. ಅದನ್ನು ತೋರಿಸಲು ನನ್ನನ್ನು ಗೊತ್ತುಮಾಡಿದ. ನಿನಗೆ ಎಲ್ಲರ ಜೋಡಿ ಮಾತಾಡಾಕ ಬರತೈತಿ ಅಂದ. ಹೊಗಳಿಕೆಯೇ, ಆದರೆ ನನಗೆ ಚುಚ್ಚಿತು. ಮಾತು ನನ್ನದು, ಮಾಲು ಅವನದು.

ಹಾವೇರಿ ಸ್ಟೇಷನ್ನಿನಲ್ಲಿ ಮೇಡಂ ಒಂದು ಚೀಲ ಹೆಗಲಿಗೇರಿಸಿಕೊಂಡು ಇಳಿದರು. ಕಾರಿನ ವ್ಯವಹಾರದವರು, ಕಾರಿನಲ್ಲೇ ಓಡಾಡುತ್ತಾರೆ ಅಂತ ನಾನು ಇಸ್ತ್ರಿ ಪ್ಯಾಂಟು ಹಾಕಿಕೊಂಡು ಬಂದಿದ್ದೆ. ಅವರು ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದರು. ಬ್ಯಾಡಗಿ ಬಸ್ಸಿನಲ್ಲಿ ಆಧಾರ್ ತೋರಿಸಿ ಪುಕ್ಕಟೆ ಟಿಕೀಟು ತಗೊಂಡು ಕಿಟಕಿ ಹಿಡಿದರು. ನಾನು ರೊಕ್ಕ ಕೊಟ್ಟು ಮೋಟೆಬೆನ್ನೂರಿನ ತನಕ ನಿಂತೆ. ಆ ಟಿಕೀಟಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟಕ್ಕೂ ಹೊಟ್ಟೆ ಇರುವುದು ಯಾಕೆ?

ಬ್ಯಾಡಗಿಯಲ್ಲಿ ಇಳಿದ ಕೂಡಲೆ ಮೆಣಸಿನಕಾಯಿ ಘಾಟಿಗೆ ಮೇಡಂ ಸೀನತೊಡಗಿದರು. ಚಹಾದ ಅಂಗಡಿಯಲ್ಲಿ ನಾನು ಅವರ ಸೀನನ್ನೇ ಅವರಿಗೆ ಸೀನಿ ತೋರಿಸಿದೆ. ನಕ್ಕರು. ಆಮೇಲೆ ಟಂಟಂ ರಿಕ್ಷಾ ಹಿಡಿದು ಹಳ್ಳಿಗೆ ಹೊರಟಾಗ ದಾರಿಯುದ್ದಕ್ಕೂ ಅವರು ಕೇಳಿದ್ದೆಲ್ಲ ಚೆನ್ನನ ಬಗ್ಗೆ. ಅವನೇ ಯೋಚನೆ ಮಾಡಿದ್ದಾ, ಅವನೇ ರೈತರನ್ನ ಒಪ್ಪಿಸಿದ್ದಾ ಅಂತ. ಅವನೇರಿ, ಅವನೇರಿ ಅಂತ ಹೇಳಿ ಹೇಳಿ ನನ್ನ ದವಡೆ ನೋಯಿತು.

ತೊಟ್ಟಿ ನೋಡಿ ಅವರಿಗೆ ಸಮಾಧಾನವಾಯಿತು. ಅಷ್ಟಕ್ಕೆ ರಾಣೆಬೆನ್ನೂರಿನ ದಾರಿ ಹಿಡಿದಿದ್ದರೆ ಎಲ್ಲ ಸುಸೂತ್ರ. ನಾನು ಕೆರೆಯ ಏರಿ ಹತ್ತಿಸಿದೆ. ಅಲ್ಲಿ ಏನಿರುತ್ತದೆಂದು ನನಗೆ ಗೊತ್ತಿತ್ತು. ಬುತ್ತಿಯ ಗಂಟು ಬಿಚ್ಚುವ ಮೊದಲೇ ವಾಸನೆ ಬಂತು. ದಂಡೆಗುಂಟ ಕಲ್ಲು ಹೇರಿ ಮುಳುಗಿಸಿದ ಪುಂಡಿಯ ಕಟ್ಟುಗಳು, ಸುತ್ತ ಹಾಲಿಲ್ಲದ ಚಹಾದ ಬಣ್ಣದ ನೀರು, ಹೊಟ್ಟೆ ಮೇಲೆ ಮಾಡಿ ತೇಲುವ ಸಣ್ಣ ಮೀನು. ಮೇಡಂ ಮುಖ ಗಂಟಿಕ್ಕಿತು. ಇದು ಯಾರದು ಅಂತ ಕೇಳಿದರು. ಕಾರಿನ ಪುಂಡಿಯಲ್ಲ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಯಾರಿಗೆ ಗೊತ್ತು ಅನ್ನುವಂತೆ ಹೆಗಲು ಕುಣಿಸಿದೆ. ಅವರು ಫೋನು ತೆಗೆದು ಚೆನ್ನನನ್ನು ಕರೆದರು.

ಅವನು ಬರುವ ತನಕ, ಅಲ್ಲೇ ದನ ಹೊಡೆದುಕೊಂಡು ಬಂದ ಫಕ್ಕೀರಪ್ಪ ಅನ್ನುವ ರೈತರು ಯಾವ ಅಂಜಿಕೆಯೂ ಇಲ್ಲದೆ ಹೇಳಿದರು. ಮಾರುವ ಪುಂಡಿ ತೊಟ್ಟಿಗೆ ಹೋಗುತ್ತದೆ. ಮನೆಯ ಹಗ್ಗಕ್ಕೆ ಇಟ್ಟುಕೊಂಡದ್ದು ಕೆರೆಗೆ. "ಎತ್ತು ಯಾವ ನೀರು ಕುಡಿತೈತಿ, ಅದರ ಹಗ್ಗ ಆ ನೀರಾಗ ನೆನೀಬೇಕ್ರಿ ಮೇಡಮ್ಮಾರ. ಇಲ್ಲಾಂದ್ರ ಕೊರಳಿಗೆ ಹುಣ್ಣು ಆಗತೈತಿ. ನಮ್ಮ ಅಪ್ಪನ ಕಾಲದಿಂದ ಹಂಗ ಐತ್ರಿ." ಅವರ ಎತ್ತುಗಳು ಮಾತ್ರ ಆ ನೀರಿಗೆ ಮೂತಿ ಇಕ್ಕದೆ, ಆಚೆ ದಂಡೆಗೆ ನಡೆದವು.

ಚೆನ್ನ ಬೈಕಿನಲ್ಲಿ ಬಂದ. ನಾನು ಕಾಯುತ್ತಿದ್ದ ಗಳಿಗೆ. ಅವನು ಬಾಯಿ ತೆರೆದು ಮುಚ್ಚಿದ, ಖರೇನೇ ತಡವರಿಸಿದ. ನನಗೆ ಒಳಗೆ ಬೆಲ್ಲ ಕರಗಿದಂತಾಯಿತು. ಆಮೇಲೆ ಹೇಳಿದ, ನನಗಿದು ಗೊತ್ತಿತ್ತು, ನನ್ನ ಮಾಲಲ್ಲವೆಂದು ಸುಮ್ಮನಿದ್ದೆ ಅಂತ.

"ಕೆರೆಗೆ ಗೊತ್ತಾಗುತ್ತಾ ಚೆನ್ನಬಸಪ್ಪ, ಇದು ಎತ್ತಿಂದು, ಅದು ಕಾರಿಂದು ಅಂತ?" ಮೇಡಂ ಕೇಳಿದರು. "ಒಂದೇ ಹೊಲದ ಗಿಡ. ಊರಿನ ನೀರು ಹೀಗಿದ್ರೆ ನಾನು ಏನಂತ ಬರೀಲಿ?"

ಬರೆಯಬ್ಯಾಡ್ರಿ ಅಂತ ಅವನು ಗೋಗರೆಯುತ್ತಾನೆ ಅಂದುಕೊಂಡೆ, ಆ ದನಿಯನ್ನೂ ಮನಸ್ಸಿನಲ್ಲೇ ರೂಢಿ ಮಾಡಿಕೊಂಡೆ. ಅವನು ಅಂಗಿ ಕಳಚಿ ನನ್ನ ಕೈಗೆ ಕೊಟ್ಟ. ಫಕ್ಕೀರಪ್ಪನವರ ಹತ್ತಿರ ಹೋಗಿ, ಹಗ್ಗದ ಪುಂಡಿಯನ್ನೂ ತೊಟ್ಟಿಗೇ ಹಾಕೋಣ, ಅದಕ್ಕೊಂದು ಮೂಲೆ ಬಿಡ್ತೇನಿ ಅಂದ. ಅವರು ಎತ್ತಿನ ಕೊರಳಿನ ಮಾತು ಎತ್ತಿದರು. ಹಂಗಾದರೆ ಇದೇ ಕೆರೆಯ ನೀರನ್ನು ಪೈಪು ಹಚ್ಚಿ ತೊಟ್ಟಿಗೆ ತರೋಣ, ಹಗ್ಗ ಅದೇ ನೀರಾಗ ನೆನೆದಂಗಾತಲ್ರಿ ಕಾಕಾ ಅಂದ ಚೆನ್ನ. ಅವರು ಆಚೆ ದಂಡೆಯಲ್ಲಿ ನೀರು ಕುಡಿಯುತ್ತಿದ್ದ ಎತ್ತುಗಳ ಕಡೆ ನೋಡಿದರು. ನಂತರ ಧೋತರ ಎತ್ತಿ ಕಟ್ಟಿ ತಾವೂ ಇಳಿದರು.

ಇಬ್ಬರೂ ಎದೆಮಟ್ಟದ ಕಪ್ಪು ನೀರಿನಲ್ಲಿ ಕಲ್ಲು ಸರಿಸಿ, ಕಟ್ಟುಗಳನ್ನು ಒಂದೊಂದಾಗಿ ದಂಡೆಗೆ ಎಳೆದರು. ನಾನು ಏರಿಯ ಮೇಲೆ ಅವನ ಅಂಗಿ ಹಿಡಿದು ಗೂಟದಂತೆ ನಿಂತಿದ್ದೆ. ಮೇಡಂ ಮೆಲ್ಲಗೆ ಅಂದರು, ತಪ್ಪನ್ನ ಒಪ್ಕೊಂಡು ತಿದ್ದೋರ ಹತ್ರ ವ್ಯಾಪಾರ ಮಾಡೋದು ಸುಲಭ ಅಂತ. ನಾನೇ ತೋಡಿದ ಗುಂಡಿಯಲ್ಲಿ ಅವನು ಬಿದ್ದು, ಇನ್ನೂ ಎತ್ತರವಾಗಿ ಎದ್ದು ಬಂದ.

ಸಂಜೆಗೆ ರಾಣೆಬೆನ್ನೂರು ಮುಟ್ಟಿದೆವು. ಮೇಡಂ ಶೆಡ್ ನೋಡಿದರು, ಈ ಸಲದ ಲೋಡು ಬರಲಿ, ಕೆರೆಯನ್ನು ಮುಂದಿನ ಕೊಯ್ಲಿಗೆ ಮತ್ತೆ ಬಂದು ನೋಡುತ್ತೇನೆ ಅಂದರು. ಅವರನ್ನು ರೈಲು ಹತ್ತಿಸಿ ಚೆನ್ನ ನನ್ನನ್ನು ಹಾವೇರಿ ಬಸ್ಸಿಗೆ ಬಿಡಲು ಬಂದ. ಎಷ್ಟು ಸಲ ತೊಳೆದರೂ ಅವನ ಮೈಯ ನಾತ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಂದಿ ಸರಿದು ಜಾಗ ಕೊಡುತ್ತಿದ್ದರು.

"ಕೆರಿ ದಾರಿ ಯಾಕ ಹಿಡದಿ?" ಅಂದ.

"ತಂಪ ಇತ್ತು."

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚಲೋ ಇತ್ತು. ಸುಮ್ಮನಿರಲಾರದೆ ನಾನು ಮನಸ್ಸಿನಲ್ಲಿದ್ದದ್ದನ್ನು ಹೊರಹಾಕಿದೆ. ನನ್ನನ್ನೂ ಧಂದೆಯಲ್ಲಿ ಸೇರಿಸಿಕೋ, ಕಂಪನಿಯವರ ಜೋಡಿ ಮಾತಾಡುವುದು ನನಗಿರಲಿ, ಫೋನಿನಲ್ಲಿ ನಿನ್ನ ದನಿಯಲ್ಲೇ ಮಾತಾಡುತ್ತೇನೆ ಅಂತ, ಅವನದೇ ದನಿಯಲ್ಲಿ ಹೇಳಿದೆ. ಆ ನಿಧಾನ, ಆ ಗಂಟಲು, ಎಲ್ಲ ಹೊಂದಿತ್ತು. ಪಕ್ಕದ ಬಾಳೆಹಣ್ಣಿನ ಗಾಡಿಯವ ಇಬ್ಬರ ಮುಖವನ್ನೂ ನೋಡಿದ.

ಬಸ್ಸು ಬಂತು. ಚೆನ್ನ ನನ್ನ ಚೀಲವನ್ನು ಕಿಟಕಿಯಿಂದ ಸೀಟಿಗೆ ಒಗೆದು ಜಾಗ ಹಿಡಿದುಕೊಟ್ಟ. ನಂತರ ಹೇಳಿದ:

"ನನ್ನ ದನಿ ನಿನಗ ಬಂತು, ಚಲೋ ಆತು. ನಾಳೆ ಮುಂಜಾನೆ ತೊಟ್ಟಿಗೆ ಇಳಿ, ನಾತಾನೂ ಬರತೈತಿ."